ಗಂಗಾಧರನ ಅಂಗಿ

ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಯಾರೋ "ಲೇ ಗಂಗಾಧರಾ!" ಎಂದು ಕೂಗಿದಾಗ ಗಂಗೋತ್ರಿ ಥಟ್ಟನೆ ತಿರುಗಿ ನೋಡಿದಳು.

ಕೂಗಿದವನು ಈರುಳ್ಳಿ ಮೂಟೆ ಇಳಿಸುತ್ತಿದ್ದ ಹಮಾಲಿ. ಓಗೊಟ್ಟವನು ಇನ್ನೊಬ್ಬ ಹಮಾಲಿ. ಇವಳ ಕಡೆ ಯಾರೂ ನೋಡಿರಲಿಲ್ಲ. ಆದರೂ ಕೆನ್ನೆ ಬಿಸಿಯಾಗಿ, ಚಿಲ್ಲರೆ ಸಹ ಈಸಿಕೊಳ್ಳದೆ ಚಿತ್ತವಾಡ್ಗಿಯ ಮನೆಯ ದಾರಿ ಹಿಡಿದಳು. ಮನೆಗೆ ಬಂದು ಬದನೆಕಾಯಿ ತೊಳೆಯುವಾಗ ತನ್ನಷ್ಟಕ್ಕೆ ತಾನೇ ಒಪ್ಪಿಕೊಂಡಳು, ತನಗೊಂದು ಸಣ್ಣ ಹೆದರಿಕೆ ಹತ್ತಿದೆ ಎಂದು. ಇವತ್ತು ಗಂಗಾಧರ ಅಂದದ್ದಕ್ಕೆ ತಿರುಗಿದೆ. ನಾಳೆ ಗಂಗೋತ್ರಿ ಅಂದಾಗ ತಿರುಗದೆ ಹೋದರೆ?

ಗಂಗಾಧರ ಅವಳ ಅಣ್ಣ ಜಂಬುನಾಥ ಹುಟ್ಟಿಸಿದ ಮನುಷ್ಯ. ವಯಸ್ಸು ಇಪ್ಪತ್ತಾರು, ಡಿಪ್ಲೊಮಾ ಓದಿದವನು, ನೆಟ್‌ವರ್ಕಿನ ಕೆಲಸದಲ್ಲಿ ಹುಲಿ, ಆದರೆ ಭಾಳ ನಾಚಿಕೆ ಸ್ವಭಾವ. ಫೋನಿನಲ್ಲಿ ಮಾತಾಡುವುದಿಲ್ಲ, ಬರೆದು ಕೇಳಿದರೆ ಬರೆದು ಉತ್ತರ ಕೊಡುತ್ತಾನೆ. ಇದರಲ್ಲಿ ವಯಸ್ಸು ಸುಳ್ಳು, ಡಿಪ್ಲೊಮಾ ಸುಳ್ಳು. ನಾಚಿಕೆಯೊಂದು ನಿಜ. ಯಾಕಂದರೆ ಆ ಬರೆಯುವ ಗಂಗಾಧರ ಅಂದರೆ ಬಿಸಿಎ ಮುಗಿಸಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಗಂಗೋತ್ರಿಯೇ.

ಇದಕ್ಕೆಲ್ಲ ಮೂಲ ಒಂದು ಬೀರು. ಹೋದ ವರ್ಷ ಜಂಬುನಾಥನ ಮದುವೆಯಲ್ಲಿ ಕಂಪ್ಲಿಯ ಬೀಗರು ಮಗಳು ಗಾಯತ್ರಿಯ ಜೊತೆ ಆಳೆತ್ತರದ ಕಬ್ಬಿಣದ ಬೀರು ಕಳಿಸಿದ್ದರು. ಬಾಗಿಲಿಗೆ ಇಡೀ ಕನ್ನಡಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಗ್ಗ ಬಿಗಿದುಕೊಂಡು, ಹೆಣ್ಣಿಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತಿತ್ತು. ಬೀರುವಿನ ಮುಖ ಉತ್ತರಕ್ಕಿದ್ದರೆ ಕುಬೇರ ನೋಡುತ್ತಾನೆ ಎಂದು ಅಜ್ಜಿ ಗಾಳೆಮ್ಮ ಅದನ್ನು ಪಡಸಾಲೆಯ ದಕ್ಷಿಣದ ಗೋಡೆಗೆ ನಿಲ್ಲಿಸಿದಳು. ಆ ಗೋಡೆಯ ಹಿಂದೆಯೇ ಅಡುಗೆಮನೆ, ಗಂಗೋತ್ರಿಯ ಕೋಣೆ. ಬೀರು ನಿಂತ ದಿನವೇ ಆ ಎರಡೂ ಕಡೆ ವೈಫೈ ಸತ್ತುಹೋಯಿತು.

ಗಂಗೋತ್ರಿ ಫೋನು ಹಿಡಿದುಕೊಂಡು ಮನೆಯೆಲ್ಲ ಅಡ್ಡಾಡಿ ನೋಡಿದಳು. ರೂಟರಿನ ಮುಂದೆ ನಾಲ್ಕು ಗೀಟು. ಬೀರುವಿನ ಹಿಂದೆ ಒಂದೂ ಇಲ್ಲ.

"ಅಪ್ಪಾ, ಕಬ್ಬಿಣ, ಮ್ಯಾಲೆ ಕನ್ನಡಿ. ಅದು ಸಿಗ್ನಲ್ ತಡೀತೈತಿ. ಆ ಮೂಲಿಗೆ ಸರಸಿದ್ರ..." ಎಂದು ಮೆಲ್ಲಗೆ ಶುರುಮಾಡಿದ್ದಳು.

ಅಪ್ಪ ಅಂಜಿನಯ್ಯ ಸಂಡೂರಿನ ಕಡೆ ಅದಿರು ಲಾರಿಗಳನ್ನು ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದ. ಸಂಜೆ ಬಂದವನ ಹುಬ್ಬು, ಕಿವಿ ಎಲ್ಲ ಕೆಂಪು ಧೂಳು. ಬಚ್ಚಲಿಗೆ ಹೋಗುತ್ತ ಅಂದಿದ್ದ: "ನೆಟ್ ಬರದಿದ್ರ ಒಂದು ಮಾತೂ ಬರಂಗಿಲ್ಲವ್ವಾ. ಬೀಗರ ಬೀರು ಸರಸಿದ್ರ ಕಂಪ್ಲಿಯಿಂದ ಹತ್ತು ಮಾತು ಬರ್ತಾವ."

ಸರಿ. ಗಂಗೋತ್ರಿ ಬೀರು ಮುಟ್ಟಲಿಲ್ಲ. ಕೇಬಲ್ ಹಾಲಸ್ವಾಮಿ ಗುಜರಿಗೆ ಹಾಕಲು ಇಟ್ಟಿದ್ದ ಹಳೇ ರೂಟರೊಂದನ್ನು ಕೇಳಿ ತರಿಸಿದಳು. ಬೀರುವಿನ ಮೇಲಿದ್ದ ಬೆಳಕಿಂಡಿಯಿಂದ ವೈರು ಹಾಯಿಸಿ, ಆ ಡಬ್ಬಿಯನ್ನು ಅಡುಗೆಮನೆಯ ಪಾತ್ರೆ ಹಲಗೆಯ ಪಕ್ಕ ಮೊಳೆಗೆ ನೇತುಹಾಕಿದಳು. ಅವತ್ತು ಸಾಯಂಕಾಲ ಗಾಳೆಮ್ಮ ಒಲೆಯ ಮುಂದೆ ಕೂತು ಭಜನೆಯ ವಿಡಿಯೊ ನೋಡಿದಳು. ಬಾಗಿಲಲ್ಲಿ ನಿಂತು ಜಂಬುನಾಥ ಅದನ್ನೇ ನೋಡಿದ.

ಅವನದು ಬಾಡಿಗೆ ಕಾರು. ಸ್ಟೇಷನ್ನಿನಿಂದ ಹಂಪಿ, ಕಡ್ಡಿರಾಂಪುರ, ಕಮಲಾಪುರದ ಹೋಮ್‌ಸ್ಟೇಗಳಿಗೆ ಜನರನ್ನು ಬಿಡುವುದು ಕೆಲಸ. ಎಲ್ಲ ಹೋಮ್‌ಸ್ಟೇಯಲ್ಲೂ ಒಂದೇ ಗೋಳು, ವೈಫೈ ಬರಲ್ಲ, ಗೆಸ್ಟು ಬೈತಾರೆ. ಒಂದು ವಾರದೊಳಗೆ ಅವನ ಜೇಬಿನಲ್ಲಿ 'ಜಂಬುನಾಥ್ ನೆಟ್‌ವರ್ಕ್ಸ್' ಎಂಬ ಕಾರ್ಡು ಬಂತು. ಏಣಿ, ವೈರು, ಡ್ರಿಲ್ಲಿಂಗ್ ಮಷೀನು ಅವನದು. ಎಲ್ಲಿ ತೂತು ಹೊಡೆಯಬೇಕು, ಯಾವ ವೈರು ಯಾವ ಕಿಂಡಿಗೆ, ಡಬ್ಬಿಯೊಳಗೆ ಏನು ಬದಲಿಸಬೇಕು ಎಂಬುದೆಲ್ಲ ಫೋನಿನಲ್ಲಿ ನೋಡಿ ಗಂಗೋತ್ರಿ ಹೇಳಬೇಕು.

"ನಾನೂ ಬರ್ತೀನಣ್ಣ. ಕಣ್ಣಾರೆ ನೋಡಿದ್ರ ಜಲ್ದಿ ಆಗ್ತೈತಿ," ಎಂದು ಒಮ್ಮೆ ಕೇಳಿದ್ದಳು.

"ಹೆಣ್ಣುಹುಡುಗಿ ಮಂದಿ ಮನ್ಯಾಗ ಏಣಿ ಹತ್ತತಾಳಂತ! ನೋಡಿದವ್ರು ಏನಂದಾರು?"

"ನನ್ನ ಹೆಸರರ ಹೇಳು."

"ಹುಡುಗಿ ರಿಪೇರಿ ಮಾಡ್ತಾಳ ಅಂದ್ರ ಯಾರ್ ಕರೀತಾರಲೇ? ಗಂಗಾಧರ ಅಂತೀನಿ. ಗಂಗೀ, ಗಂಗಾಧರ, ಎಲ್ಲಾ ಒಂದ ನೀರು." ತನ್ನ ಮಾತಿಗೆ ತಾನೇ ನಕ್ಕು ಹೊಸ ಸಿಮ್ಮು ಅವಳ ಫೋನಿಗೆ ಹಾಕಿಕೊಟ್ಟಿದ್ದ.

*

ದಸರೆಯ ವಾರ ಕಡ್ಡಿರಾಂಪುರದ ರೇಣುಕಮ್ಮನ ಹೋಮ್‌ಸ್ಟೇ ತುಂಬಿತ್ತು. ಎಂಟೂ ಕೋಣೆಯಲ್ಲಿ ವೈಫೈ ಬಂದಂತೆ ತೋರಿಸುವುದು, ಆದರೆ ಏನೂ ತೆರೆಯದು. ಜಂಬುನಾಥ ವೈರೆಲ್ಲ ಕಿತ್ತು ಹಾಕಿ ನೋಡಿದ. ಕೊನೆಗೆ ಬೆವರು ಒರೆಸಿಕೊಳ್ಳುತ್ತ, "ನಮ್ಮ ಗಂಗಾಧರ್‌ಗೆ ಮೆಸೇಜ್ ಹಾಕ್ರಿ ಅಕ್ಕಾರ," ಅಂದ.

ಗಂಗೋತ್ರಿಗೆ ನಾಲ್ಕು ಫೋಟೊ ನೋಡಿದ ಮೇಲೆ ರೋಗ ಗೊತ್ತಾಯಿತು. ಮನೆಗೆ ಬಂದ ಪ್ರತಿ ಫೋನಿಗೂ ರೂಟರು ಒಂದೊಂದು ನಂಬರು ಕೊಡುತ್ತದೆ. ಎರಡು ರೂಟರು ಇಟ್ಟು ಎರಡಕ್ಕೂ ಯಜಮಾನಿಕೆ ಕೊಟ್ಟರೆ ಎರಡೂ ನಂಬರು ಹಂಚಲು ಕೂರುತ್ತವೆ. ಅವಳು ರೇಣುಕಮ್ಮನಿಗೆ ಬರೆದಳು: "ಊಟದ ಮನೆಯಲ್ಲಿ ಇಬ್ಬರು ಎಲೆ ಹಾಕುತ್ತಿದ್ದಾರೆ ಅಕ್ಕಾ. ಅದಕ್ಕೆ ಒಂದೇ ಎಲೆಗೆ ಇಬ್ಬರು ಕೂತು ಯಾರಿಗೂ ಅನ್ನ ಸಿಗುತ್ತಿಲ್ಲ. ಒಳಗಿನ ಡಬ್ಬಿಗೆ ಬಡಿಸುವುದಷ್ಟೇ ಬಿಡೋಣ, ಎಲೆ ಹಾಕುವುದು ಹೊರಗಿನದಕ್ಕೆ." ಆಮೇಲೆ ಏನೇನು ಒತ್ತಬೇಕೆಂದು ಸಾಲಾಗಿ ಬರೆದಳು. ರೇಣುಕಮ್ಮ ತಾನೇ ಒತ್ತಿದಳು. ಬಂತು.

"ಊಟದ ಮನಿ ಅಂದಿ ನೋಡು, ನನ್ನ ತಲಿಗೆ ಈಗ ಹೊಕ್ತು! ಹೊಟ್ಟಿ ತಣ್ಣಗಿರಲಿ ತಮ್ಮಾ," ಎಂದು ರೇಣುಕಮ್ಮ ಧ್ವನಿಯಲ್ಲೇ ಹೇಳಿ ಕಳಿಸಿದಳು. ಅವಳ ಧ್ವನಿ ದೊಡ್ಡದು. ಅವತ್ತಿನಿಂದ ದಿನಾ ಮಧ್ಯಾಹ್ನ ಒಂದು ಮೆಸೇಜು ಬರತೊಡಗಿತು: ಊಟ ಆತೇನು ತಮ್ಮಾ? ಗಂಗೋತ್ರಿ ಬರೆಯುವಳು: ಆತ್ರೀ ಅಕ್ಕಾ, ನಿಮ್ಮದು? ಅಷ್ಟಕ್ಕೇ ಅವಳಿಗೆ ಕೈಯಲ್ಲಿದ್ದ ಮುಸುರೆ ಪಾತ್ರೆ ಹಗುರಾಗುತ್ತಿತ್ತು. ಈ ಮನೆಯಲ್ಲಿ ಅವ್ವ ತೀರಿಕೊಂಡ ಮೇಲೆ ಊಟ ಆಯಿತೇ ಎಂದು ಅವಳನ್ನು ಕೇಳಿದವರಿರಲಿಲ್ಲ.

ದೀಪಾವಳಿ ಪಾಡ್ಯದ ದಿನ ಎಲ್ಲರೂ ಹೋಳಿಗೆಗೆ ಕೂತಿದ್ದರು. ಜಂಬುನಾಥ ಹೊಸ ಅಂಗಿ ತೊಟ್ಟಿದ್ದ. ಬಿಳಿಯ ಮೇಲೆ ಸಣ್ಣ ನೀಲಿ ಗೆರೆ.

"ಮಸ್ತ್ ಐತಲ್ಲೋ! ಎಷ್ಟು ಕೊಟ್ಟಿ?" ಎಂದು ಗಾಳೆಮ್ಮ ತೋಳು ಸವರಿ ನೋಡಿದಳು.

"ಬಟ್ಟಿ ತಗೊಂಡು ಹೊಲಿಸಿದೆ ಬೇ. ರೆಡಿಮೇಡ್ ನನಗ ಆಗಿ ಬರಂಗಿಲ್ಲ."

ಗಂಗೋತ್ರಿಯ ಮಡಿಲಿನ ಫೋನು ಮಿಣುಕಿತು. ರೇಣುಕಮ್ಮ ಬರೆದಿದ್ದಳು: "ಹಬ್ಬದ ಊಟ ಆತೇನು ತಮ್ಮಾ? ಜಂಬುನಾಥನ ಕೈಯಾಗ ನಿನಗ ಅಂಗಿ ಬಟ್ಟಿ ಕಳಿಸಿದ್ದೆ. ಹಿಡಿಸಿತೋ ಇಲ್ಲೋ? ನೀಲಿ ಗೆರಿ ನಾನ ಆರಿಸಿದ್ದು. ನಮ್ಮ ಸೀಜನ್ ಉಳಿಸಿದಾವಗ ಬರಿಗೈಲೆ ಹಬ್ಬ ಮಾಡಸಬಾರದು ಅಂತ."

ಗಂಗೋತ್ರಿ ಮೆಸೇಜು ನೋಡಿದಳು. ಅಂಗಿ ನೋಡಿದಳು. ಅಣ್ಣ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುತ್ತಿದ್ದ.

"ಎಲ್ಲಿ ತಗೊಂಡಿ ಅಣ್ಣ, ಬಟ್ಟಿ?"

"ಬಜಾರದಾಗ. ಯಾಕ?"

"ಸುಮ್ನ."

"ಸುಮ್ನಂದ್ರ ಸುಮ್ನ ಉಣ್ಣು."

ಅವಳಿಗೆ ಹೇಳಲು ಮಾತಿತ್ತು. ಅದು ಗಂಟಲಿಗೆ ಬಂದು, ಎಂದಿನಂತೆ, ಹೋಳಿಗೆಯ ಜೊತೆ ಕೆಳಗಿಳಿಯಿತು. ಎದ್ದು ಕೈತೊಳೆದು ಅಡುಗೆಮನೆಗೆ ಹೋದಳು. ಮೊಳೆಗೆ ನೇತುಬಿದ್ದ ಡಬ್ಬಿಯ ದೀಪಗಳು ಹಸಿರಾಗಿ ಮಿನುಗುತ್ತಿದ್ದವು. ಈ ಮನೆಯ ಎರಡೂ ಡಬ್ಬಿಗಳ ಪಾಸ್‌ವರ್ಡು ಗೊತ್ತಿದ್ದದ್ದು ಅವಳೊಬ್ಬಳಿಗೇ. ಜಂಬುನಾಥ್ ನೆಟ್‌ವರ್ಕ್ಸಿನ ಜಂಬುನಾಥನಿಗೂ ಗೊತ್ತಿರಲಿಲ್ಲ.

*

ಗಂಗೋತ್ರಿ ಅಣ್ಣನ ಫೋನಿಗೆ ವೈಫೈ ಬಂದ್ ಮಾಡಲಿಲ್ಲ. ಬಂದ್ ಮಾಡಿದರೆ ಒಂದೇ ದಿನಕ್ಕೆ ಗೊತ್ತಾಗುತ್ತದೆ. ರೂಟರಿನೊಳಗೆ ಹೋಗಿ, ಯಾವ ಫೋನಿಗೆ ಎಷ್ಟು ವೇಗ ಎಂದು ಬರೆಯುವ ಜಾಗದಲ್ಲಿ, ಅಣ್ಣನ ಫೋನಿಗೆ ತೊಟ್ಟು ತೊಟ್ಟು ನೀರು ಬಿಟ್ಟಳು. ಮೆಸೇಜು ಹೋಗುತ್ತದೆ. ವಿಡಿಯೊ ಹಾಕಿದರೆ ನಡುವೆ ಒಂದು ಚಕ್ರ ತಿರುಗುತ್ತ ಕೂರುತ್ತದೆ.

ಜಂಬುನಾಥನ ಡೇಟಾ ಮಧ್ಯಾಹ್ನದೊಳಗೇ ಖಾಲಿ. ಸಂಜೆ ಕಾರು ನಿಲ್ಲಿಸಿ ಬಂದು, ಮಂಚದ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುವುದು ಅವನ ಸುಖ. ಈಗ ಬೌಲರ್ ಓಡಿ ಬಂದು ಕೈ ಎತ್ತುತ್ತಾನೆ, ಚಕ್ರ. ಪಕ್ಕದ ಮನೆಯಲ್ಲಿ ಹೋ ಎಂದು ಕೂಗಿದ ಎಷ್ಟೋ ಹೊತ್ತಿಗೆ ಇಲ್ಲಿ ಚೆಂಡು ಕೈಬಿಡುತ್ತದೆ.

"ಏನ್ ದರಿದ್ರ ನೆಟ್ಟಲೇ ಇದು!"

"ನನಗ ಚಲೋ ಬರಾಕತ್ತೈತಲ್ಲ," ಎಂದಳು ಗಾಳೆಮ್ಮ, ಕಣ್ಣು ಭಜನೆಯ ಮೇಲೆ. "ದೇವರದು ನೋಡು, ಬರ್ತೈತಿ."

"ಊರ ಮಂದಿಗೆಲ್ಲ ನೆಟ್ಟು ಹಾಕ್ತೀನಿ ಅಂತಿ," ಎಂದು ಅಂಜಿನಯ್ಯ ರೊಟ್ಟಿ ಮುರಿಯುತ್ತ ಅಂದ. "ನಿನ್ನ ಕೈಯಾಗಿನ ಫೋನಿಗೆ ಹಾಕ್ಕೊಳ್ಳಾಕ ಬರವಲ್ದೇನು?"

ಗಂಗೋತ್ರಿ ತಲೆ ಎತ್ತದೆ ಎಣ್ಣೆಗಾಯಿ ಬಡಿಸಿದಳು. ಅವತ್ತು ಎರಡು ರೊಟ್ಟಿ ಹೆಚ್ಚು ಉಂಡಳು. ಹಗೆಗೆ ಇಷ್ಟು ರುಚಿ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ದೀಪಾವಳಿ ಕಳೆದು ಗೌರಿ ಹುಣ್ಣಿಮೆ ಬಂತು. ಜಂಬುನಾಥ ರೂಟರಿನ ಕಿವಿಗಳನ್ನು ಆ ಕಡೆ ಈ ಕಡೆ ತಿರುವಿದ. ಹಾಲಸ್ವಾಮಿಯನ್ನು ಕರೆಸಿ ಕಂಬದಿಂದ ಹೊಸ ವೈರು ಎಳೆಸಿದ. "ಲೈನ್ ಕ್ಲೀನ್ ಐತೋ ಮಾರಾಯ, ನಿನ್ನ ಗಂಗಾಧರನ್ನ ಕೇಳು," ಎಂದು ಹಾಲಸ್ವಾಮಿ ಚಹಾ ಕುಡಿದು ಹೋದ. ಜಂಬುನಾಥ ತಂಗಿಯನ್ನೇ ಕೇಳಿದ. ಅವಳು ಫೋನು ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಗೊತ್ತಾಗವಲ್ದಣ್ಣ," ಎಂದಳು. ಗಂಗಾಧರನಿಗೆ ಗೊತ್ತಾಗದ್ದು ಅದೇ ಮೊದಲು.

ಅಷ್ಟರಲ್ಲಿ ಅವನಿಗೆ ಗಿರಾಕಿಗಳ ಮುಂದೆ ತಾನು ಆಡುವ ಮಾತೇ ನೆನಪಾಯಿತು. "ಬೀರು! ಕಬ್ಬಿಣ, ಕನ್ನಡಿ. ಇದಾ ತಡಿಯಾಕತ್ತೈತಿ. ಸರಸ್ರಿ ಇದನ್ನ."

ಗಾಯತ್ರಿ ಅಡುಗೆಮನೆಯಿಂದ ಹೊರಗೆ ಬಂದಳು. "ಮುಟ್ಟಬ್ಯಾಡ್ರಿ. ವರ್ಷದಿಂದ ಅಲ್ಲೇ ಐತಿ. ಅವಾಗ ಬರ್ತಿದ್ದ ನೆಟ್ಟು ಈಗ್ಯಾಕ ಬರಂಗಿಲ್ಲ?"

"ನಿನಗೇನ್ ತಿಳೀತೈತಿ? ನೆಟ್‌ವರ್ಕ್ ಕೆಲಸ ಮಾಡಾವ ನಾನೋ ನೀನೋ?"

"ನಮ್ಮಪ್ಪ ಕಬ್ಬಿನ ಗದ್ದಿ ಕಾವಲು ಕಾದು ಕೊಡಿಸಿದ್ದದು. ಸರಸೂದಾದ್ರ ನಾಕು ಮಂದಿ ಕರಿರಿ."

ಅವನು ನಾಲ್ಕು ಮಂದಿ ಕರೆಯಲಿಲ್ಲ. ಒಬ್ಬನೇ ಹೆಗಲು ಕೊಟ್ಟು ನೂಕಿದ. ಬೀರುವಿನ ಕಾಲು ಕಡಪಾ ಕಲ್ಲಿನ ಸಂದಿಗೆ ಸಿಕ್ಕಿ, ಇಡೀ ಬೀರು ಗೋಡೆಗೆ ವಾಲಿತು. ಕನ್ನಡಿ ಮೇಲಿನಿಂದ ಕೆಳಗೆ ಸೀಳಿತು. ಸೀಳಿದ ಕನ್ನಡಿಯಲ್ಲಿ ಗಾಯತ್ರಿಯ ಮುಖ ಎರಡಾಗಿ ಕಾಣುತ್ತಿತ್ತು.

"ಇಳೀತೇನು ನಿನ್ನ ನೆಟ್ಟು?" ಎಂದು ಗಾಳೆಮ್ಮ ಮೊಮ್ಮಗನ ಬೆನ್ನಿಗೊಂದು ಗುದ್ದಿದಳು. "ಮುತ್ತೈದಿ ಬೀರು ಒಡದ್ಯಲ್ಲೋ ಮೂಳಾ!"

ಅವನು ಫೋನು ತೆಗೆದು ನೋಡಿದ. ಚಕ್ರ ತಿರುಗುತ್ತಿತ್ತು.

*

ಮರುದಿನ ಬೆಳಿಗ್ಗೆ ಇಬ್ಬರೂ ರೊಟ್ಟಿಗೆ ಕೂತಿದ್ದರು. ಗಾಯತ್ರಿ ಬಡಿಯುತ್ತಿದ್ದಳು, ಗಂಗೋತ್ರಿ ಬೇಯಿಸುತ್ತಿದ್ದಳು. ಗಾಯತ್ರಿಯ ಕಣ್ಣು ಊದಿತ್ತು.

"ಒಂದಾ ಮಂಚ," ಎಂದಳು ಗಾಯತ್ರಿ, ಹಿಟ್ಟಿನಿಂದ ಕಣ್ಣೆತ್ತದೆ. "ಆ ಮಗ್ಗಲು ಅವರು, ಈ ಮಗ್ಗಲು ನಾನು. ನನ್ನ ಫೋನಿನಾಗ ಬ್ಲೌಸಿನ ಡಿಸೈನ್ ವಿಡಿಯೊ ನೀರು ಹರದಂಗ ಹರೀತೈತಿ. ಅವರ ಫೋನಿನಾಗ ಚಕ್ರ. ನಾ ಏನು ದಡ್ಡಿಯೇನು ಗಂಗೀ?"

ಗಂಗೋತ್ರಿಯ ಮುಂದೆ ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತಿತು.

"ತಿರುವು ಅದನ್ನ, ಸೀದೈತಿ. ಯಾಕ ಮಾಡಿದಿ?"

ಗಂಗೋತ್ರಿ ಕೈ ಒರೆಸಿಕೊಂಡು ಫೋನು ತೆಗೆದು ಹಬ್ಬದ ದಿನದ ಮೆಸೇಜು ತೋರಿಸಿದಳು. ಗಾಯತ್ರಿ ಎರಡು ಸಲ ಓದಿದಳು.

"ಟೇಲರ್‌ಗೆ ಕೊಟ್ಟು ಬಂದಾಕಿ ನಾನ," ಎಂದಳು. "ಗಿರಾಕಿ ಕೊಟ್ಟರು ಅಂದ್ರು. ಯಾರಿಗೆ ಕೊಟ್ಟರು ಅಂತ ಹೇಳಲಿಲ್ಲ." ಮತ್ತೊಂದು ಉಂಡೆ ತೆಗೆದುಕೊಂಡು ತಟ್ಟತೊಡಗಿದಳು. "ನೀ ಅವರಿಗೆ ಏನರ ಮಾಡು. ನಾ ಬಾಯಿ ಬಿಡಂಗಿಲ್ಲ. ಆದರ ನೀ ಅವರಿಗೆ ಅಂತ ಬೀಸಿದ ಕಲ್ಲು ನನ್ನ ಕನ್ನಡಿಗೆ ಬಿತ್ತು, ಅದನ್ನೂ ತಿಳ್ಕೋ."

"ಅತ್ತಿಗೀ..."

"ಅಳಬ್ಯಾಡ. ಅತ್ತು ಏನು ಮಾಡ್ತಿ? ಬಾಯಿ ಇದ್ದೂ ಬೆರಳಿನಾಗ ಜಗಳ ಆಡಾಕಿ ನಿನ್ನೊಬ್ಬಾಕಿನ್ನ ನೋಡಿದೆ."

ಗಂಗೋತ್ರಿ ಅಳಲಿಲ್ಲ. ಆದರೆ ಚಕ್ರವನ್ನೂ ತೆಗೆಯಲಿಲ್ಲ. ಕನ್ನಡಿ ಸೀಳಿದ ಮೇಲೆ ಅವಳ ಸಿಟ್ಟು ಇಳಿಯುವ ಬದಲು ಗಟ್ಟಿಯಾಯಿತು. ಅತ್ತಿಗೆಯ ಕನ್ನಡಿಯ ಲೆಕ್ಕವೂ ಅಣ್ಣನ ಮೇಲೆಯೇ ಬಿತ್ತು.

*

ಕಾರ್ತಿಕ ಮುಗಿಯುವ ಹೊತ್ತಿಗೆ ರೇಣುಕಮ್ಮ ಜಂಬುನಾಥನಿಗೆ ಫೋನು ಮಾಡಿದಳು. ತನ್ನದೂ, ತಮ್ಮನದೂ, ಆನೆಗೊಂದಿಯ ಬೀಗರದೂ ಸೇರಿ ಮೂರು ಹೋಮ್‌ಸ್ಟೇ. ಮೂರಕ್ಕೂ ಕಾಯಂ ಒಬ್ಬ ನೆಟ್‌ವರ್ಕಿನವನು ಬೇಕು, ತಿಂಗಳ ಸಂಬಳಕ್ಕೆ. "ಗಂಗಾಧರನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ. ಐತವಾರ ನಿಮ್ಮ ಮನಿಗೇ ಬರ್ತೀನಿ. ಆ ಹುಡುಗನ್ನ ಕಣ್ಣಾರೆ ನೋಡಬೇಕು."

ಊಟದ ಹೊತ್ತಿಗೆ ಜಂಬುನಾಥ ಉಪಾಯ ಮಾಡಿ ಮುಗಿಸಿದ್ದ. ಗಾದಿಗನೂರಿನ ಅವನ ದೋಸ್ತ ಮಾರೇಶ, ಸದ್ಯ ಕೆಲಸವಿಲ್ಲ. ಅವನೇ ಗಂಗಾಧರ. ಮೂರು ಮನೆ ಅಡ್ಡಾಡುವುದು ಅವನು, ಮನೆಯಲ್ಲಿ ಕೂತು ಬರೆದು ಹೇಳುವುದು ಗಂಗೋತ್ರಿ.

"ಮಾರೇಶ್ಯಾಗ ಟಾರ್ಚ್ ಹಚ್ಚಾಕ ಬರಂಗಿಲ್ಲ," ಎಂದಳು ಗಾಳೆಮ್ಮ.

"ಗಂಗೀ ಅದಾಳಲ್ಲ ಬೇ ಹೇಳಾಕ."

"ಅವ್ರು ಗಂಗೀಗೆ ಕೆಲಸ ಕೊಡಾಕತ್ತಾರ," ಎಂದಳು ಗಾಯತ್ರಿ ಅನ್ನ ಬಡಿಸುತ್ತ. "ಗಂಗೀನ್ನ ಕಳಸ್ರಿ."

"ನೀ ಸುಮ್ನಿರು. ಅಪ್ಪಾ, ನೀ ಹೇಳು. ದಿನಾ ಕಡ್ಡಿರಾಂಪುರ, ಆನೆಗೊಂದಿ ಅಂತ ಮದುವಿ ಹುಡುಗಿನ್ನ ಅಡ್ಡಾಡಾಕ ಬಿಡ್ತೀಯೇನು?"

ಅಂಜಿನಯ್ಯ ಗಂಗೋತ್ರಿಯ ಕಡೆ ನೋಡಿದ. "ಏನವ್ವಾ? ಹೋಗಬೇಕಂತ ಐತೇನು ನಿನಗ?"

ಎಲ್ಲರೂ ನೋಡಿದರು. ಗಂಗೋತ್ರಿಯ ತುತ್ತು ಕೈಯಲ್ಲೇ ಉಳಿಯಿತು. ಹೌದು ಎನ್ನಲು ಒಂದೇ ಮಾತು ಸಾಕಿತ್ತು.

"ನೋಡಿದ್ಯಾ? ಆಕಿಗೇ ಬ್ಯಾಡಾಗೈತಿ," ಎಂದ ಜಂಬುನಾಥ. ಅಪ್ಪ ಮಜ್ಜಿಗೆ ಹಾಕಿಸಿಕೊಂಡ. ಮಾತು ಮುಗಿಯಿತು.

ಐತವಾರ ಬೆಳಿಗ್ಗೆ ಗಂಗೋತ್ರಿ ಅಡುಗೆಮನೆಯ ಹಳೇ ಡಬ್ಬಿಯೊಳಗೆ ಹೋಗಿ, ವರ್ಷದ ಹಿಂದೆ ಕಸಿದುಕೊಂಡಿದ್ದ, ನಂಬರು ಹಂಚುವ ಯಜಮಾನಿಕೆಯನ್ನು ಅದಕ್ಕೆ ಮರಳಿ ಕೊಟ್ಟಳು. ಇನ್ನು ಆ ಮನೆಯಲ್ಲಿ ಇಬ್ಬರು ಎಲೆ ಹಾಕುವವರು. ಹಿಂದೆಯೇ ನಿಂತು ಮಂಡಕ್ಕಿ ನೆನೆಹಾಕುತ್ತಿದ್ದ ಗಾಯತ್ರಿ, "ಏನ್ ಮಾಡಿದಿ ಈಗ?" ಎಂದು ಕೇಳಿದಳು.

"ಅವರೇ ಮಾಡ್ಲಿ ಇವತ್ತು. ನಾ ಒಂದಕ್ಷರ ಬರಿಯಂಗಿಲ್ಲ."

*

ರೇಣುಕಮ್ಮ ಆಟೋದಿಂದ ಇಳಿಯುವಾಗಲೇ ಅವಳ ಧ್ವನಿ ಅಡುಗೆಮನೆಗೆ ಬಂತು. ಐವತ್ತರ ಹೆಂಗಸು, ಅಗಲ ಕುಂಕುಮ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ಬರ್ರಿ ಬರ್ರಿ, ಕುಂದ್ರಿ," ಎಂದು ಅಂಜಿನಯ್ಯ ಕುರ್ಚಿ ಎಳೆದ. ಗಾಳೆಮ್ಮ ನೀರು ತಂದಿಟ್ಟಳು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು. ರೇಣುಕಮ್ಮನ ಕಣ್ಣು ಮಾತ್ರ ಬಾಗಿಲ ಪಕ್ಕ ನಿಂತಿದ್ದ ಮಾರೇಶನ ಮೇಲೆ.

ಮಾರೇಶ ಕುಳ್ಳ, ಡೊಳ್ಳು ಹೊಟ್ಟೆ. ಮೈಮೇಲೆ ನೀಲಿ ಗೆರೆಯ ಅಂಗಿ. ರೇಣುಕಮ್ಮ ತಾನು ಕೊಟ್ಟ ಬಟ್ಟೆ ಗುರುತಿಸಲೆಂದು ಜಂಬುನಾಥನೇ ತೊಡಿಸಿದ್ದ. ಆರಡಿ ಜಂಬುನಾಥನ ಅಳತೆಯ ಅಂಗಿ. ತೋಳು ಬೆರಳು ದಾಟಿತ್ತು, ಹೊಟ್ಟೆಯ ಮೇಲಿನ ಗುಂಡಿ ಈಗಲೋ ಆಗಲೋ ಎಂಬಂತಿತ್ತು.

"ನೀನೇನು ತಮ್ಮಾ, ಗಂಗಾಧರ?"

"ಹ್ಞೂಂರೀ ಮೇಡಂ."

"ಮೇಡಂ?" ರೇಣುಕಮ್ಮ ಮಿರ್ಚಿ ಕಚ್ಚುವುದು ನಿಲ್ಲಿಸಿದಳು. "ದಿನಾ ಅಕ್ಕಾ ಅಂತ ಬರೀತಿದ್ದಿ."

"ನಾಚಿಕಿ ಸ್ವಭಾವ ಅಂದಿದ್ನಲ್ರೀ," ಎಂದು ಜಂಬುನಾಥ ನಕ್ಕ.

"ಇರಲಿ. ನಿಮ್ಮ ವೈಫೈ ಹಾಕಿಕೊಡು, ನನ್ನ ತಮ್ಮಗ ವಿಡಿಯೊ ಕಾಲ್ ಮಾಡಿ ನಿನ್ನ ತೋರಸ್ತೀನಿ. ನಮ್ಮಲ್ಲಿ ಸಿಮ್ಮಿಗೆ ಮೆಸೇಜಿನಷ್ಟ ನೆಟ್ಟು ಬರ್ತೈತಿ, ವಿಡಿಯೊ ಬರಂಗಿಲ್ಲ. ಆ ಮೂರು ಮನಿಯೂ ವೈಫೈ ಮ್ಯಾಲೇ ನಿಂತಾವ."

ಜಂಬುನಾಥ ಪಾಸ್‌ವರ್ಡು ಒತ್ತಿಕೊಟ್ಟ. ರೇಣುಕಮ್ಮ ನೋಡಿದಳು. ಬಂದಂತೆ ತೋರಿಸುತ್ತಿತ್ತು, ಏನೂ ತೆರೆಯಲಿಲ್ಲ.

"ಅಯ್ಯ! ನಮ್ಮ ಮನ್ಯಾಗ ಆಗಿದ್ದ ರೋಗ ಇದು!" ಅವಳಿಗೆ ಖುಷಿಯೇ ಆಯಿತು. "ಮಾಡು ತಮ್ಮಾ, ನಾ ನೋಡ್ತೀನಿ. ಅವತ್ತು ಏನಂತ ಹೇಳಿದ್ದಿ, ನೆನಪೈತೇನು? ಯಾತರ ಮನಿ ಅಂದಿದ್ದಿ?"

ಮಾರೇಶ ಜಂಬುನಾಥನನ್ನು ನೋಡಿದ. ಜಂಬುನಾಥ ಕೈಯಲ್ಲಿನ ಫೋನು ನೋಡಿದ. ಗಂಗೋತ್ರಿಯಿಂದ ಏನೂ ಬಂದಿರಲಿಲ್ಲ. ಮಾರೇಶ ಪಡಸಾಲೆಯ ಡಬ್ಬಿಯ ಹಿಂದಿನ ವೈರುಗಳನ್ನು ಒಂದೊಂದೇ ಕಿತ್ತು ಊದಿ ಹಾಕತೊಡಗಿದ. ಗಾಳೆಮ್ಮನ ಭಜನೆಯೂ ನಿಂತಿತು.

ಜಂಬುನಾಥ ಅಡುಗೆಮನೆಗೆ ನುಗ್ಗಿದ. "ಗಂಗೀ, ಹೇಳಲೇ. ಏನ್ ಒತ್ತಬೇಕು?" ಧ್ವನಿ ಪಿಸುಗುಟ್ಟುತ್ತಿತ್ತು. "ಮಾನ ಹೋಗ್ತೈತಿ. ಕಾಲು ಬೀಳ್ತೀನಿ ಬೇಕಾದ್ರ."

ಅವಳು ರೊಟ್ಟಿ ತಿರುವಿದಳು. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಇದಕ್ಕಾಗಿಯೇ ಅವಳು ಹಬ್ಬದಿಂದ ಕಾದಿದ್ದಳು. ಅವಳಿಗೆ ಬಾಯಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತಲ್ಲ, ಬರಲಿಲ್ಲ. ಅಣ್ಣ ಬಂದಂತೆಯೇ ಹೊರಗೆ ಹೋದ.

"ಸಾಕು ಬಿಡೋ ತಮ್ಮಾ," ಎಂದಿತು ಪಡಸಾಲೆಯಲ್ಲಿ ರೇಣುಕಮ್ಮನ ಧ್ವನಿ. "ಆ ಅಂಗಿ ನೋಡಿದಾಗ ನನಗ ಅನುಮಾನ ಬಂತು. ಬಟ್ಟಿ ನಂದೈತಿ, ಅಳತಿ ನಿಂದಲ್ಲ. ಜಂಬುನಾಥಾ, ಇದು ನಿನ್ನ ಅಳತಿ. ಗಂಗಾಧರನೂ ಇಲ್ಲ, ಗಿಂಗಾಧರನೂ ಇಲ್ಲ. ಫೋನಿನಾಗ ಉತ್ತರ ಬರಿಯೋ ಯಾವುದೋ ಮಷೀನಿಗೆ ಕೇಳಿ ಬರೀತಿದ್ದಿ, ಹೌದಲ್ಲೋ? ಮಷೀನಿಗೆ ನಾ ದಿನಾ ಊಟ ಆತೇನು ಅಂತ ಕೇಳಿದೆ. ಛೀ."

ಅವಳು ಮಿರ್ಚಿಯ ತಟ್ಟೆ ಕೆಳಗಿಟ್ಟಳು.

"ಹೊಸಪೇಟೆಯ ನೆಟ್ಟಿನ ಕಂಪನಿಯವ್ರಿಗೇ ಹೇಳ್ತೀನಿ. ಆಟೋ ಕರೀರಿ." ಕುರ್ಚಿ ಸರಿದ ಸದ್ದಾಯಿತು.

ಗಂಗೋತ್ರಿಯ ಕೈ ನಿಂತಿತು. ಅಣ್ಣ ಮುಳುಗಿದ್ದ, ಬೇಕಾದಷ್ಟು ಮುಳುಗಿದ್ದ. ಆದರೆ ಆಟೋ ಹತ್ತಿ ಹೋಗುತ್ತಿದ್ದುದು ಅವಳ ಮೂರು ಮನೆ, ಅವಳ ಮಧ್ಯಾಹ್ನದ ಮೆಸೇಜು.

ಗಾಯತ್ರಿ ಅವಳ ಕೈಯಿಂದ ರೊಟ್ಟಿ ಬಟ್ಟೆ ಕಿತ್ತುಕೊಂಡಳು. "ರೊಟ್ಟಿ ನಾ ನೋಡ್ಕೊಂತೀನಿ. ಹೋಗು."

ಹಿಟ್ಟಿನ ಕೈಯಲ್ಲೇ ಗಂಗೋತ್ರಿ ಪಡಸಾಲೆಗೆ ಬಂದು ಸೀಳಿದ ಕನ್ನಡಿಯ ಪಕ್ಕ ನಿಂತಳು. ರೇಣುಕಮ್ಮ ಚಪ್ಪಲಿ ಮೆಟ್ಟುತ್ತಿದ್ದಳು.

"ಒಳಗ ಹೋಗಲೇ," ಎಂದ ಜಂಬುನಾಥ.

"ಅಕ್ಕಾ," ಎಂದಳು ಗಂಗೋತ್ರಿ. ಮೊದಲ ಸಲ ಗಾಳಿಯಷ್ಟೇ ಬಂತು. ರೇಣುಕಮ್ಮನಿಗೆ ಕೇಳಲಿಲ್ಲ. ಎರಡನೆಯ ಸಲ ಎದುರು ಮನೆಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ ಬಂತು.

"ಅಕ್ಕಾ! ಊಟದ ಮನಿ. ಇಬ್ಬರು ಎಲಿ ಹಾಕಾಕತ್ತಾರ ಅಂದಿದ್ದೆ."

ರೇಣುಕಮ್ಮ ಒಂದು ಕಾಲಿನ ಚಪ್ಪಲಿಯಲ್ಲಿ ತಿರುಗಿ ನಿಂತಳು. ಗಂಗೋತ್ರಿ ಅವಳನ್ನು ನೋಡಲಿಲ್ಲ. ಮಾರೇಶನ ಹೊಟ್ಟೆಯ ಮೇಲೆ ಬಿಗಿದ ನೀಲಿ ಗೆರೆಗಳತ್ತ ಹಿಟ್ಟಿನ ಬೆರಳು ಚಾಚಿ, ಅಣ್ಣನ ಮುಖವನ್ನೇ ದಿಟ್ಟಿಸಿ ನೋಡುತ್ತ ಹೇಳಿದಳು:

"ಆ ಅಂಗಿ ನಂದು."